ರ‍್ಯಾಂಕು ಮಾರಾಟಕ್ಕಿಲ್ಲ!

ಜಾಹೀರಾತಿಗೆ ದುಡ್ಡು ಸುರಿದರೆ ಗೂಗಲ್ ಹುಡುಕಾಟದಲ್ಲಿ ನಮ್ಮ ವೆಬ್‌ಸೈಟಿನ ರ‍್ಯಾಂಕು ಏರುತ್ತದೆಯೇ? ಗೂಗಲ್ ಹೇಳುವುದು ಒಂದೇ ಮಾತು: ಖಂಡಿತ ಇಲ್ಲ. ಲಕ್ಷ ಕೊಡಿ, ಕೋಟಿ ಕೊಡಿ, ಹತ್ತನೆಯವರು ಹತ್ತನೆಯವರೇ.

ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ನಮ್ಮ ದೊಡ್ಡ ದೇವಸ್ಥಾನಗಳಲ್ಲೂ ದೇವರು ಲಂಚ ಮುಟ್ಟುವುದಿಲ್ಲ. ಧರ್ಮದರ್ಶನದ ಸಾಲಿನಲ್ಲಿ ಮೊದಲು ನಿಂತವನೇ ಮೊದಲಿಗ. ಅವನ ಸ್ಥಾನಕ್ಕೆ ಯಾರೂ ಕೈ ಹಾಕುವುದಿಲ್ಲ. ವಿಶೇಷ ದರ್ಶನದ ಚೀಟಿಯವರು ಪಕ್ಕದ ಬಾಗಿಲಿಂದ ಬಂದು ಅವನ ಮುಂದೆ ನಿಲ್ಲುತ್ತಾರೆ, ಅಷ್ಟೇ.

1998ರಲ್ಲಿ ಗೋಟು ಡಾಟ್ ಕಾಂ ಎಂಬ ಸರ್ಚ್ ಕಂಪನಿಗೆ ಈ ನಾಜೂಕು ಗೊತ್ತಿರಲಿಲ್ಲ. ಕ್ಲಿಕ್ಕಿಗೆ ಹೆಚ್ಚು ಬೆಲೆ ಕೂಗಿದವರನ್ನು ಮೇಲೆ ಕೂರಿಸಿ, ಎಷ್ಟು ಕೊಟ್ಟರೆಂಬುದನ್ನೂ ಪಕ್ಕದಲ್ಲೇ ಬರೆಯುತ್ತಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜಾಹೀರಾತಿನ ದುಡ್ಡಿನಲ್ಲಿ ಬದುಕುವ ಸರ್ಚ್ ಎಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಪ್ರಬಂಧದಲ್ಲಿ ಬರೆದರು. ಅವರ ಹೆಸರು ಲ್ಯಾರಿ ಪೇಜ್, ಸರ್ಗೆ ಬ್ರಿನ್. 2000ದ ಅಕ್ಟೋಬರ್‌ನಲ್ಲಿ ಅವರದೇ ಗೂಗಲ್ ಜಾಹೀರಾತು ಮಾರುವ ‘ಆಡ್‌ವರ್ಡ್ಸ್’ ಶುರು ಮಾಡಿತು. ವಿದ್ಯಾರ್ಥಿಗಳು ಬರೆದದ್ದನ್ನು ಮಾಲೀಕರು ಓದಲೇಬೇಕೆಂಬ ಕಾನೂನೇನೂ ಇಲ್ಲವಲ್ಲ.

ಹಾಗಂತ ಗೂಗಲ್ ಏನನ್ನೂ ಮುಚ್ಚಿಡಲಿಲ್ಲ. ಮೊದಮೊದಲು ಜಾಹೀರಾತಿನ ಹಿಂದೆ ತಿಳಿಬಣ್ಣ ಬಳಿದಿತ್ತು. 2013ರಲ್ಲಿ ಬಣ್ಣ ಹೋಗಿ ಪುಟ್ಟ ಹಳದಿ ಚೀಟಿ ಬಂತು. 2016ರಲ್ಲಿ ಅದು ಹಸಿರಾಯಿತು. 2020ರ ಹೊತ್ತಿಗೆ ಬರೀ ಕಪ್ಪಕ್ಷರ ಉಳಿಯಿತು. ಪಾರದರ್ಶಕತೆ ಎಂದರೆ ಇದೇ ಇರಬೇಕು: ವರ್ಷ ಕಳೆದಂತೆ ಜಾಹೀರಾತು ಕಣ್ಣಿಗೇ ಕಾಣದಷ್ಟು ಪಾರದರ್ಶಕ! 2016ರಲ್ಲೇ ಕಂಪ್ಯೂಟರ್ ಪರದೆಯ ಬಲಬದಿಯ ಜಾಹೀರಾತುಗಳನ್ನು ತೆಗೆದು, ಕಾಸು ಹುಟ್ಟುವ ಹುಡುಕಾಟಗಳಲ್ಲಿ ನಾಲ್ಕರವರೆಗೆ ನೆತ್ತಿಯ ಮೇಲೆ ಕೂರಿಸಿದರು. ದುಡ್ಡಿಲ್ಲದೆ ಗೆದ್ದವನ ಒಂದನೇ ರ‍್ಯಾಂಕು ಒಂದನೆಯದಾಗಿಯೇ ಉಳಿಯಿತು, ಐದನೇ ಜಾಗದಲ್ಲಿ.

ಇನ್ನು ನಿಮ್ಮ ಕಂಪನಿಯ ಹೆಸರನ್ನೇ ಹುಡುಕಿದರೆ? ನಿಮ್ಮ ಎದುರಾಳಿ ಆ ಹೆಸರನ್ನೇ ತನ್ನ ಜಾಹೀರಾತಿನ ಕೀವರ್ಡ್ ಮಾಡಿಕೊಂಡಿದ್ದರೆ ಮೊದಲು ಸಿಗುವುದು ಅವನೇ ಇರಬಹುದು. ಸಾಗಣೆ ಕಂಪನಿಯೊಂದರ ಇಂಥ ದೂರು ದೆಹಲಿ ಹೈಕೋರ್ಟಿಗೆ ಹೋಯಿತು. ಈ ವ್ಯವಹಾರದಲ್ಲಿ ಗೂಗಲ್ ಕೈಕಟ್ಟಿ ನಿಂತ ಪ್ರೇಕ್ಷಕನಲ್ಲ, ಸಕ್ರಿಯ ಪಾತ್ರಧಾರಿ ಎಂದು 2023ರಲ್ಲಿ ಕೋರ್ಟು ಹೇಳಿತು. ಜತೆಗೆ, ಗ್ರಾಹಕರಿಗೆ ಗೊಂದಲವಾಗದಿದ್ದರೆ ಇನ್ನೊಬ್ಬರ ಹೆಸರನ್ನು ಕೀವರ್ಡ್ ಆಗಿ ಬಳಸಿದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದೂ ಹೇಳಿತು. ಹಾಗಾಗಿ ಸ್ವಂತ ಹೆಸರಿಗೆ ಸ್ವಂತ ದುಡ್ಡಿನಲ್ಲೇ ಹರಾಜು ಕೂಗುವ ಭಾಗ್ಯ ವ್ಯಾಪಾರಿಗಳಿಗೆ ಈಗಲೂ ಇದೆ.

ಇದರ ನಡುವೆ, “ಆಡ್ಸ್ ಕೊಡಿ ಸಾರ್, ರ‍್ಯಾಂಕು ತಾನಾಗೇ ಏರುತ್ತೆ” ಎನ್ನುವ, ವೆಬ್‌ಸೈಟನ್ನು ಹುಡುಕಾಟದಲ್ಲಿ ಮೇಲೇರಿಸುವ ಎಸ್‌ಇಒ ಪಂಡಿತರು ಬೇರೆ. ಜಾಹೀರಾತು ನಿಲ್ಲಿಸಿದ ಗಳಿಗೆಯಲ್ಲೇ ಪರದೆಯ ಮೇಲಿನ ಆ ಜಾಗ ಖಾಲಿ, ರ‍್ಯಾಂಕು ಮೊದಲಿದ್ದಲ್ಲೇ. ಆಗ ಪಂಡಿತರ ಸಲಹೆ: ಬಜೆಟ್ ಹೆಚ್ಚಿಸಿ.

ಆದ್ದರಿಂದ ವ್ಯಾಪಾರಿ ಬಂಧುಗಳೇ, ಗೂಗಲ್ ಮೇಲೆ ಸುಳ್ಳು ಆರೋಪ ಬೇಡ. ರ‍್ಯಾಂಕು ಪೂರ್ತಿ ಉಚಿತ. ಅದು ಜನರ ಕಣ್ಣಿಗೆ ಬೀಳಬೇಕೆಂದರೆ ಮಾತ್ರ ದುಡ್ಡು.