ಹೆಗ್ಗಣ ಮೇಷ್ಟ್ರು

ತುಮರಿ ಕಡೆಯ ನಮ್ಮ ಮೇಷ್ಟ್ರು ರಿಟೈರಾದ ಮೇಲೆ ಹೆಗ್ಗಣ ಹಿಡಿದರು. ವಿಷಯವಾಗಿ ಹಿಡಿದರು ಅಂತ. ಪ್ರಾಣಿಯಾಗಿ ಇನ್ನೂ ಒಂದೂ ಸಿಕ್ಕಿಲ್ಲ.

ಮೊದಲೆಲ್ಲ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿದರೆ ಕಳಸವಳ್ಳಿ ದಡ ಮುಟ್ಟುವವರೆಗೆ ಯಾರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸುತ್ತ ಶರಾವತಿ ಹಿನ್ನೀರು, ನಡುವೆ ಮೇಷ್ಟ್ರು. ಸಿಗಂದೂರಿಗೆ ಹರಕೆ ಹೊತ್ತು ಬಂದವರಿಗೂ ಪಾಠ: "ಹೆಗ್ಗಣ ಒಂಟಿ ಜೀವ. ಮರಿ ಇಲ್ಲದಿದ್ದರೆ ಸಾಮಾನ್ಯವಾಗಿ ಬಿಲಕ್ಕೊಂದೇ. ಬಸಿರು ಸುಮಾರು ಮೂರೇ ವಾರದ ಲೆಕ್ಕ. ಹಲ್ಲು ಸಾಯೋವರೆಗೂ ಬೆಳೀತದೆ, ಅದಕ್ಕೇ ಸಿಕ್ಕಿದ್ದೆಲ್ಲ ಕಡೀತದೆ." 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದಾಗ ಊರೆಲ್ಲ ಕುಣಿಯಿತು, ಮೇಷ್ಟ್ರ ಮುಖ ಮಾತ್ರ ಬಾಡಿತು. 2.44 ಕಿಲೋಮೀಟರ್ ಬಸ್ಸಿನಲ್ಲಿ ಎಷ್ಟು ಹೊತ್ತು? ಹೆಗ್ಗಣ ಬಿಲದಿಂದ ಮೂತಿ ಹೊರಗೆ ಹಾಕುವಷ್ಟರಲ್ಲಿ ಆಚೆ ದಡ.

ಮೇಷ್ಟ್ರಿಗೆ ತಿಳಿಯದ್ದೇನಿಲ್ಲ. ಜಿಂಕ್ ಫಾಸ್ಫೈಡ್ ಇಡುವ ಮೊದಲು ಎರಡು ಮೂರು ದಿನ ಬರೀ ಅಕ್ಕಿಗೆ ಎಣ್ಣೆ ಸವರಿ ಇಟ್ಟು ರುಚಿ ಹತ್ತಿಸಬೇಕು. ಅರೆಬರೆ ತಿಂದು ಬದುಕಿದ ಹೆಗ್ಗಣ ಮತ್ತೆ ಅದನ್ನು ಮೂಸುವುದಿಲ್ಲ. ಇದನ್ನು ಊರಿಗೆಲ್ಲ ಹೇಳಿದವರು ತಮ್ಮ ತೋಟದಲ್ಲಿ ಮೊದಲ ದಿನವೇ ಪಾಷಾಣ ಇಟ್ಟರು. ತಾಳ್ಮೆ ಇರಲಿಲ್ಲ, ಹೆಗ್ಗಣಕ್ಕಿತ್ತು.

ಅವರ ಮನೆಯವರು ಮಾತಿಲ್ಲದೆ ಸಂಜೆ ಬಿಲಗಳ ಬಾಯಿಗೆಲ್ಲ ಹಸಿ ಮಣ್ಣು ಮೆತ್ತುತ್ತಾರೆ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಆಸಾಮಿ ಇದ್ದಾನೆ ಅಂತ ಲೆಕ್ಕ. ಅಲ್ಲೇ ಬೋನು, ಒಳಗೆ ಸುಟ್ಟ ಕೊಬ್ಬರಿ ಚೂರು. ಬಿದ್ದದ್ದನ್ನು ಬೀದಿಗೆ ತಂದು ತೋರಿಸುವ ಕೆಲಸ ಮೇಷ್ಟ್ರದ್ದು.

ಒಂದು ರಾತ್ರಿ ಸಿಯಾಟಲ್‌ನಿಂದ ಮಗನ ವಿಡಿಯೋ ಕಾಲ್. "ಅಪ್ಪಯ್ಯಾ, ಲಾನ್ ತುಂಬಾ ಮೋಲ್ ಕಾಟ."

"ಮೊಲಕ್ಕೆ ಹೆದರ್ತೀಯನೋ ಮಾಣಿ?"

ಮೊಲವಲ್ಲ ಮೋಲ್ ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ನಮ್ಮ ಕಡೆ ಇಲ್ಲದ ಪ್ರಾಣಿ. ಮಖಮಲ್ಲಿನಂಥ ಮೈ, ಗುದ್ದಲಿಯಂಥ ಮುಂಗೈ, ಇದ್ದೂ ಇಲ್ಲದಂಥ ಕಣ್ಣು. ತಿನ್ನುವುದು ಎರೆಹುಳ, ಬೇರು ಗಡ್ಡೆಗಳ ಗೊಡವೆಗೆ ಹೋಗುವುದು ಕಡಿಮೆ. ಹೆಗ್ಗಣಕ್ಕಿಂತ ನಮ್ಮ ಸುಂಡಿಲಿಗೇ ಹತ್ತಿರದ ನೆಂಟ. ಕಾಳಿನ ವಿಷವನ್ನು ಅದು ಕಣ್ಣೆತ್ತಿಯೂ ನೋಡದು. (ನೋಡಿದರೂ ಕಾಣದು.) ಎಲ್ಲ ಕೇಳಿ ಮೇಷ್ಟ್ರು ತೀರ್ಪು ಕೊಟ್ಟರು: "ಅಕ್ಕಿಗೆ ಎಣ್ಣೆ ಸವರು."

ಆಮೇಲೆ ಏನು ತೋಚಿತೋ, "ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ" ಎಂಬ ಬೋರ್ಡನ್ನು ಕೊರಿಯರ್ ಮಾಡಲು ಹೊರಟರು. ಆ ಬೋರ್ಡಿದ್ದ ತೋಟದಲ್ಲಿ ಅಡಿಕೆಗೊನೆ ಮುಟ್ಟಲು ಕಳ್ಳನೂ ಅಂಜುತ್ತಾನೆ.

"ಅಮ್ಮನ ಕಾವಲು ಕಳ್ಳರಿಗೆ ಮಾರಾಯ್ರೇ," ಒಳಗಿನಿಂದ ದನಿ ಬಂತು. "ಹೆಗ್ಗಣ ಕಳ್ಳ ಅಲ್ಲ, ಗೇಣಿದಾರ. ಕಾಗೋಡು ಸತ್ಯಾಗ್ರಹ ಆಗಿದ್ದು ಇದೇ ತಾಲ್ಲೂಕಲ್ಲಿ. ಉಳುವವನೇ ಒಡೆಯ ಅಂತ ಅದಕ್ಕೂ ಗೊತ್ತಿದೆ."

ಮೊನ್ನೆ ಹೋಗಿದ್ದೆ. ಮೇಷ್ಟ್ರ ತೋಟದ ಬೋರ್ಡೇ ಒಂದು ಕಡೆ ವಾಲಿತ್ತು. ಕಂಬದ ಬುಡದಲ್ಲಿ ಆಗ ತಾನೇ ಎಳೆದು ಹಾಕಿದ ಹಸಿ ಮಣ್ಣಿನ ಗುಪ್ಪೆ. ನಾನು ಬಗ್ಗಿ ನೋಡಿದೆ. ಮೇಷ್ಟ್ರು ಆಕಾಶ ನೋಡಿದರು.

"ಈ ಸಲ ಗಾಳಿ ಸ್ವಲ್ಪ ಜೋರು," ಎಂದರು.