ಹೊಗೇನಕಲ್ ಕಮರಿ: ಕ್ಷೇಮ ಸಂಚಾರ ವಿಧಿ

ಗಟ್ಟಿ ಬಂಡೆಯಲ್ಲಿ ಒಂದು ಬಿರುಕು ಸಿಕ್ಕರೆ ಸಾಕು, ನೀರು ಅದನ್ನು ಸುಮ್ಮನೆ ಬಿಡುವುದಿಲ್ಲ. ಮರಳು, ನುಣುಪುಗಲ್ಲುಗಳನ್ನು ಜೊತೆಗೆ ಕರೆತಂದು ತಲೆತಲಾಂತರ ಉಜ್ಜುತ್ತದೆ. ಅಗಲಕ್ಕೆ ಹೋಗದೆ ಆಳಕ್ಕೇ ಇಳಿಯುತ್ತದೆ. ಕೊನೆಗೆ ಉಳಿಯುವುದು ಎರಡು ಗೋಡೆ, ನಡುವೆ ಒಂದು ಓಣಿ, ಮೇಲೆ ಒಂದು ಪಟ್ಟಿ ಆಕಾಶ. ಇಂಥ ಕಮರಿಗಳಲ್ಲಿ ಹೆಸರಾದವು ಅಮೆರಿಕದ ಯೂಟಾ, ಅರಿಜೋನಾ ರಾಜ್ಯಗಳ ಮರುಭೂಮಿಯಲ್ಲಿವೆ. ಅಲ್ಲಿಯ ಬಕ್‌ಸ್ಕಿನ್ ಗಲ್ಚ್ ಇಪ್ಪತ್ತು ಕಿಲೋಮೀಟರಿಗೂ ಉದ್ದ. ಕೆಲವೆಡೆ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತವೆ. ಅಲ್ಲಿಗೆ ಹೋಗಲು ವೀಸಾ ಬೇಕು. ಕಾವೇರಿ ಕೊರೆದ ಕಮರಿ ನೋಡಲು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ದಾಟಿ ಹೊಗೇನಕಲ್‌ಗೆ ಇಳಿದರಾಯಿತು. ಇಲ್ಲಿ ಬೇಕಾದದ್ದು ಪಾರ್ಕಿಂಗ್ ಜಾಗ ಮಾತ್ರ. ಎರಡರಲ್ಲಿ ಯಾವುದು ಬೇಗ ಸಿಗುತ್ತದೆ ಎಂಬುದನ್ನು ಭಾನುವಾರ ಹೋಗಿ ಬಂದವರು ಹೇಳಬೇಕು.

ಮೇಕೆದಾಟಿನಿಂದ ಕಾಡಿನೊಳಗೆ ಬರುವ ಕಾವೇರಿ ಇಲ್ಲಿ ಹಲವು ಕವಲಾಗಿ ಒಡೆದು, ಸಿಕ್ಕಸಿಕ್ಕಲ್ಲಿ ಧುಮುಕಿ, ಕೆಳಗೆ ಕಪ್ಪು ಗೋಡೆಗಳ ನಡುವೆ ಮೈ ಮುದುಡಿಕೊಂಡು ಹರಿಯುತ್ತದೆ. ಇಲ್ಲಿಯ ಬಂಡೆಗಳಲ್ಲಿ ಕಾರ್ಬೊನಟೈಟ್ ಎಂಬ ಅಪರೂಪದ ಜಾತಿಯದೂ ಇದೆ. ಅದರ ವಯಸ್ಸು ಸುಮಾರು 240 ಕೋಟಿ ವರ್ಷ. ಇಷ್ಟು ತಡವಾಗಿ ಬಂದವರು ಇನ್ನೈದು ನಿಮಿಷ ಕಾಯಲು ಒಪ್ಪದೆ ಟಿಕೆಟ್ ಸಾಲಿನಲ್ಲಿ ನೂಕಾಡುವುದು ಭೂವಿಜ್ಞಾನಕ್ಕೆ ಮಾಡುವ ಅವಮಾನ. ಮರುಭೂಮಿಯ ಕಮರಿಯಲ್ಲಿ ಇಡೀ ದಾರಿಯನ್ನು ಕಾಲೇ ಸವೆಸಬೇಕು. ಇಲ್ಲಿ ನಡಿಗೆ ಅರ್ಧ, ತೆಪ್ಪ ಅರ್ಧ. ಅಪಾಯದ ಮೂಲ ಮಾತ್ರ ಎರಡೂ ಕಡೆ ಒಂದೇ.

ಕಮರಿಗೆ ಇಳಿಯುವವರು ತಲೆಯ ಮೇಲಿನ ಆಕಾಶವನ್ನು ನಂಬಬಾರದು. 1997ರ ಆಗಸ್ಟ್ 12ರಂದು ಅರಿಜೋನಾದ ಲೋಯರ್ ಆಂಟೆಲೋಪ್ ಕಮರಿಯಲ್ಲಿ ಹನ್ನೊಂದು ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಅವರಿದ್ದ ಜಾಗದಲ್ಲಿ ಮಳೆ ಹೇಳಿಕೊಳ್ಳುವಷ್ಟು ಬಿದ್ದಿರಲಿಲ್ಲ. ಬಿದ್ದದ್ದು ಕಿಲೋಮೀಟರುಗಟ್ಟಲೆ ಮೇಲೆ. ಹೊಗೇನಕಲ್‌ನ ಅಸಲಿ ಆಕಾಶ ಅದಕ್ಕಿಂತಲೂ ದೂರ: ಒಂದು ತುಂಡು ಭಾಗಮಂಡಲದ ಮೇಲಿದೆ, ಇನ್ನೊಂದು ವಯನಾಡಿನ ಮೇಲೆ. ಧರ್ಮಪುರಿಯಲ್ಲಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಕೊಡಗಿನಲ್ಲಿ ಕಂಬಳಿ ಹೊದ್ದಿರುತ್ತಾರೆ. ಆ ಮಳೆ ಕೆಆರ್‌ಎಸ್ ಮತ್ತು ಕಬಿನಿ ತುಂಬಿ, ಗೇಟು ದಾಟಿ, ದಿನ ಎರಡು ದಿನದಲ್ಲಿ ಹೊಗೇನಕಲ್‌ಗೆ ಹಾಜರಾಗುತ್ತದೆ.

ಈ ವಿಷಯದಲ್ಲಿ ಕನ್ನಡಿಗರು ಅಮೆರಿಕನ್ನರಿಗಿಂತ ಪುಣ್ಯವಂತರು. ಮಳೆಗಾಲದ ನಾಲ್ಕು ತಿಂಗಳು ಕನ್ನಡ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಕೆಆರ್‌ಎಸ್ ಗರಿಷ್ಠ 124.80 ಅಡಿ, ಕಬಿನಿ 2,284 ಅಡಿ. ಮೊದಲನೆಯದನ್ನು ಅಣೆಕಟ್ಟೆಯ ಬುಡದಿಂದ ಅಳೆದದ್ದು, ಎರಡನೆಯದನ್ನು ಸಮುದ್ರಮಟ್ಟದಿಂದ ಅಳೆದದ್ದು. ಇದನ್ನು ಗಮನಿಸದೆ, ಕಬಿನಿ ಕೆಆರ್‌ಎಸ್‌ಗಿಂತ ಹದಿನೆಂಟು ಪಟ್ಟು ಎತ್ತರ ಎಂದು ತಿಂಡಿ ತಿನ್ನುತ್ತಾ ಸಾಧಿಸುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ಪ್ರವಾಸಿ ನೋಡಬೇಕಾದ ಅಂಕಿ ಇವೆರಡೂ ಅಲ್ಲ. ಮಟ್ಟದ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ‘ಹೊರಹರಿವು’ ಎಂಬುದೇ ಅವನ ಜಾತಕ.

ಹೊರಹರಿವಿನ ಲೆಕ್ಕ ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಕೇಳಲು ಸಾಧು ಸ್ವಭಾವದ ಅಳತೆ. ಆದರೆ 2018ರ ಆಗಸ್ಟ್‌ನಲ್ಲಿ ಹೊಗೇನಕಲ್‌ನಲ್ಲಿ ಹರಿವು 2 ಲಕ್ಷ ಕ್ಯೂಸೆಕ್ ದಾಟಿತ್ತು. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ ಆರು ಸಾವಿರ ಲೀಟರಿನ ಟ್ಯಾಂಕರುಗಳನ್ನು ನೆನೆದರೆ, ಪ್ರತಿ ಸೆಕೆಂಡಿಗೆ ಒಂಬೈನೂರಕ್ಕೂ ಹೆಚ್ಚು ಟ್ಯಾಂಕರು ಒಂದರ ಹಿಂದೊಂದು ಆ ಓಣಿಗೆ ನುಗ್ಗಿದಂತೆ. ಹಾರ್ನ್ ಇಲ್ಲ ಎನ್ನುವುದೊಂದೇ ಸಮಾಧಾನ. ಅಂಥ ದಿನಗಳಲ್ಲಿ ಜಲಪಾತವೇ ಕಾಣುವುದಿಲ್ಲ. ಮೇಲಿನ ನೀರೂ ಕೆಳಗಿನ ನೀರೂ ಸಮನಾಗಿ, ಎಲ್ಲಿಂದ ಬೀಳಬೇಕು ಎಂಬುದು ನದಿಗೇ ಮರೆತಿರುತ್ತದೆ.

ಹೊಗೇನಕಲ್‌ಗಿಂತ ಸ್ವಲ್ಪ ಮೇಲೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ನೀರನ್ನು ಇಲ್ಲಿಗೆ ತಲುಪಿಸಬೇಕು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ತೀರ್ಪು ಕೊಟ್ಟಿತು. ಹೀಗಾಗಿ ಈ ಕಮರಿಯಲ್ಲಿ ಹರಿಯುವುದು ಬಹುಮಟ್ಟಿಗೆ ಕೋರ್ಟು ಮೆಟ್ಟಿಲು ಹತ್ತಿ ಇಳಿದು ಬಂದ ನೀರು; ಅದಕ್ಕೆ ಅಷ್ಟು ಸಿಟ್ಟಿರುವುದು ಸಹಜ. ಒಂದು ಹನಿಯನ್ನೂ ಬಿಡಕೂಡದು ಎಂದು ಮಂಡ್ಯದ ರಸ್ತೆಯಲ್ಲಿ ಕೂಗಿದವರೇ ಬೇಸಿಗೆ ರಜೆಯಲ್ಲಿ ಇಲ್ಲಿ ನಿಂತು ‘ಏನ್ರೀ ಇದು, ನೀರೇ ಇಲ್ಲ’ ಎಂದು ಬೇಸರಪಡುವುದೂ ಉಂಟು.

ನೀರು ಬರುವ ದಾರಿ ಇನ್ನೊಂದಿದೆ. ಬೆಂಗಳೂರಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ ಇಳಿದು, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಅಷ್ಟೆತ್ತರಕ್ಕೆ ಒಯ್ದ ಕಾವೇರಿಯ ನೀರು ಬಚ್ಚಲು ಕಂಡು ಹಿಂತಿರುಗುವ ಹಾದಿಯೂ ಅದೇ. ಬೆಂಗಳೂರಿಗರು ಹೊಗೇನಕಲ್‌ನಲ್ಲಿ ಭಕ್ತಿಯಿಂದ ಮುಳುಗು ಹಾಕುವಾಗ, ಅವರ ಮನೆಯ ನೀರು ಅವರಿಗಿಂತ ಮೊದಲೇ, ಟೋಲ್ ಕಟ್ಟದೆ ಅಲ್ಲಿಗೆ ಬಂದಿರುತ್ತದೆ. ಇದು ಕ್ಷೇಮದ ವಿಷಯವೋ ಆರೋಗ್ಯದ ವಿಷಯವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ ಬಾಯಿ ಮುಚ್ಚಿಕೊಂಡು ಮುಳುಗುವುದು ಮೇಲು ಎಂಬುದರಲ್ಲಿ ಇಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಹಿಡಿದಾಗ ಮೇಲಿನ ಅಣೆಕಟ್ಟೆಗಳ ಲೆಕ್ಕವೂ ಸಾಲದು. ಬೆಟ್ಟಗಳ ಕಡೆಯಿಂದ ಬರುವ ಚಿನ್ನಾರ್ ಕಾವೇರಿಗೆ ಸೇರುವುದು ಹೊಗೇನಕಲ್‌ನಲ್ಲೇ. ಅದರ ಹರಿವು ಯಾವ ಪತ್ರಿಕೆಯ ಮೂಲೆಯಲ್ಲೂ ಅಚ್ಚಾಗುವುದಿಲ್ಲ.

ಹರಿವು ಏರಿದೊಡನೆ ಧರ್ಮಪುರಿ ಜಿಲ್ಲಾಡಳಿತ ಸ್ನಾನಕ್ಕೂ ತೆಪ್ಪಕ್ಕೂ ನಿಷೇಧ ಹಾಕುತ್ತದೆ. ನಿಷೇಧವಿದ್ದಾಗ ಮಾಡಬೇಕಾದ ಕೆಲಸ ಒಂದೇ, ಮೀನು ತಿಂದು ವಾಪಸಾಗುವುದು. ಹೊರಡುವ ಮುಂಚೆ ಒಂದು ಫೋನು ಮಾಡಿ ಕೇಳಿಕೊಂಡರೆ ಮೀನನ್ನು ಊರಿನಲ್ಲೇ ತಿನ್ನಬಹುದು. ಆದರೆ ಪ್ರವಾಸಿಯ ಕ್ರಮವೇ ಬೇರೆ: ಮೊದಲು ಬರುವುದು, ಆಮೇಲೆ ವಾದಿಸುವುದು.

‘ಬೆಂಗಳೂರಿಂದ ಬಂದಿದೀವಿ ಸಾರ್, ಸ್ವಲ್ಪ ನೋಡಿ.’

‘ನೀರೂ ಅಲ್ಲಿಂದಾನೇ ಬಂದಿದೆ ಸಾರ್.’

ಇಂಥ ಉತ್ತರ ಕೊಡಬಲ್ಲ ಕಾವಲುಗಾರ ತಮಿಳು, ಕನ್ನಡ ಎರಡನ್ನೂ ಬಲ್ಲವನಾಗಿರುತ್ತಾನೆ. ಈ ಭಾಗದಲ್ಲಿ ಅಂಥವರಿಗೆ ಕೊರತೆಯಿಲ್ಲ. ತೆಪ್ಪದವನು ಬಾಡಿಗೆ ಹೇಳುವಾಗ ತಮಿಳು, ಸಮಾಧಾನ ಹೇಳುವಾಗ ಕನ್ನಡ ಬಳಸುವುದನ್ನು ಭಾಷಾಶಾಸ್ತ್ರಜ್ಞರು ಗಮನಿಸಬಹುದು.

ನಿಷೇಧವಿಲ್ಲದ ದಿನ ಎದುರಾಗುವ ಅಪಾಯವೆಂದರೆ ಚಿಕ್ಕಪ್ಪ. ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ‘ಎಂಬತ್ತೆರಡರಲ್ಲಿ ನಾವು ಇಲ್ಲೇ ಈಜಿದ್ದು ಕಣೋ’ ಎಂದು ಅವರು ಪಂಚೆ ಎತ್ತಿ ಕಟ್ಟುವುದರೊಳಗೆ ತಡೆಯಬೇಕು. ಎಂಬತ್ತೆರಡರ ಚಿಕ್ಕಪ್ಪ ಈಗಿಲ್ಲ ಎಂಬುದು ಒಂದು ಕಾರಣ. ಎಂಬತ್ತೆರಡರ ನದಿಯೂ ಇಲ್ಲ ಎಂಬುದು ಇನ್ನೊಂದು. ಪ್ರತಿ ಪ್ರವಾಹವೂ ಮರಳನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಸುರಿಯುತ್ತದೆ. ಸುಳಿಯಲ್ಲಿ ಸಿಕ್ಕ ಕಲ್ಲು ಬಂಡೆಯ ಮೇಲೆ ಗಿರಗಿರನೆ ತಿರುಗಿ ತಿರುಗಿ ಗುಂಡಿ ಕೊರೆದಿರುತ್ತದೆ. ಹೋದ ಸಲ ಮರಳು ತುಂಬಿ ಮೊಣಕಾಲುದ್ದ ಇದ್ದದ್ದು ಈ ಸಲ ಆಳೆತ್ತರವಾಗಿರಬಹುದು. ತಿಳಿನೀರು ಇನ್ನೂ ಮೋಸಗಾರ: ಬೆಳಕು ಬಾಗುವುದರಿಂದ ನೇರ ಮೇಲಿಂದ ನೋಡಿದವರಿಗೆ ಹನ್ನೆರಡಡಿ ಆಳ ಒಂಬತ್ತಡಿಯಾಗಿ ಕಾಣುತ್ತದೆ. ಉಳಿದ ಮೂರಡಿ ಮುಳುಗಿದ ಮೇಲೆ ಗೊತ್ತಾಗುತ್ತದೆ. ಸೆಳೆತದ ಲೆಕ್ಕವೂ ಹೀಗೆಯೇ. ನೀರಿನ ವೇಗ ಎರಡರಷ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಮೊಣಕಾಲಿನಷ್ಟು ನೀರು ಆಳನ್ನು ಕೆಡವುವುದು ಈ ಲೆಕ್ಕದಿಂದ. ಇಲ್ಲಿಯ ಸಾವುಗಳಲ್ಲಿ ಈಜು ಬಾರದವರಷ್ಟೇ ಇದ್ದಾರೆಂದು ತಿಳಿಯಬಾರದು. ಕೆರೆಯಲ್ಲಿ ಕಲಿತ ಈಜು ಸುಳಿಯಲ್ಲಿ ನಡೆಯುವುದಿಲ್ಲ. ಸ್ನಾನಕ್ಕೆಂದು ಕಂಬಿ ಹಾಕಿದ ಜಾಗ ಬಿಟ್ಟು ಬೇರೆಡೆ ಇಳಿಯಲೇಬಾರದು. ಈ ಒಂದು ಮಾತಿನಲ್ಲಿ ತಮಾಷೆಯಿಲ್ಲ.

ಇನ್ನು ಕಾಲು. ಹೊಗೇನಕಲ್‌ಗೆ ಜಲಪಾತದಷ್ಟೇ ಹೆಸರು ತಂದಿರುವುದು ಎಣ್ಣೆ ಮಾಲಿಷು. ಬಾಟಲಿ ಹಿಡಿದ ಮಾಲಿಷಿನವರು ಬಂದವರನ್ನು ಬಂಡೆಯ ಮೇಲೆ ಮಲಗಿಸಿ, ತಲೆಯಿಂದ ಅಂಗಾಲಿನವರೆಗೆ ತಟ್ಟಿ, ತಿಕ್ಕಿ, ಮೂಳೆಗಳಿಗೆ ಅವುಗಳ ಸ್ವಸ್ಥಾನವನ್ನು ನೆನಪಿಸುತ್ತಾರೆ. ಸುಖ ದೊಡ್ಡದು. ಆದರೆ ಎಣ್ಣೆಯ ಕೆಲಸವೇ ಘರ್ಷಣೆ ಕಡಿಮೆ ಮಾಡುವುದು, ಒದ್ದೆ ಬಂಡೆಯ ಮೇಲೆ ಮನುಷ್ಯನನ್ನು ನಿಲ್ಲಿಸಿರುವುದು ಘರ್ಷಣೆಯೊಂದೇ. ಮಾಲಿಷು ಮುಗಿಸಿ ದೇಹ ಹಗುರಾಯಿತೆಂದು ಎದ್ದವರು ಎರಡನೆಯ ಹೆಜ್ಜೆಗೇ ಮತ್ತೆ ಮಲಗಿ, ಮೂಳೆಗಳು ಸ್ವಸ್ಥಾನ ಬಿಟ್ಟು ಹೊರಡುವುದು ಇದರಿಂದ. ಮಾಲಿಷು ಮಾಡಿಸಿಕೊಳ್ಳದವರಿಗೂ ಮುಕ್ತಿಯಿಲ್ಲ. ಊರೆಲ್ಲ ಜನರ ಎಣ್ಣೆ ತೊಳೆದು ಹೋಗುವುದು ಅದೇ ಬಂಡೆಗಳ ಮೇಲೆ. ಹವಾಯಿ ಚಪ್ಪಲಿ ಇಲ್ಲಿ ಕಾಲಿಗಿಂತ ಮೊದಲು ಮೆಟ್ಟೂರು ಸೇರುತ್ತದೆ. ಹಿಂಬದಿ ಪಟ್ಟಿಯಿರುವ, ಅಡಿ ಒರಟಾದ ರಬ್ಬರ್ ಚಪ್ಪಲಿ ಹಾಕಿ, ಪಾದದ ಎಣ್ಣೆಯನ್ನು ಮೊದಲು ಸೋಪಿನಿಂದ ತೊಳೆದು, ಕೈ ಹಿಡಿಯಲು ಏನಾದರೂ ಸಿಗುವ ದಾರಿಯಲ್ಲೇ ನಡೆಯಬೇಕು. ಹಿಡಿದುಕೊಳ್ಳಲು ಸಿಕ್ಕಿದ್ದು ಇನ್ನೊಬ್ಬರ ಎಣ್ಣೆ ಹಚ್ಚಿದ ತೋಳಾಗಿರಬಾರದು.

ಕಮರಿಯೊಳಕ್ಕೆ ಒಯ್ಯುವುದು ತೆಪ್ಪ. ಬಿದಿರು ಹೆಣೆದು ಮಾಡಿದ ದುಂಡನೆಯ ದೋಣಿ. ಹಿಂದೆ ತಳಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ದಡದಲ್ಲಿ ತೆಪ್ಪದವನೇ ಅದನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಅದಕ್ಕೆ ಹಿಂದು ಮುಂದು ಇಲ್ಲ, ಆದ್ದರಿಂದ ‘ನಾನು ಮುಂದೆ ಕೂರ್ತೀನಿ’ ಎಂಬ ಮಕ್ಕಳ ಜಗಳಕ್ಕೂ ಅರ್ಥವಿಲ್ಲ. ಭಾರ ಸುತ್ತಲೂ ಸಮನಾಗಿ ಹಂಚಿರಬೇಕು, ತಳದಲ್ಲೇ ಕೂರಬೇಕು. ಮಾವನವರು ಒಬ್ಬರೇ ಒಂದು ಕಡೆ ಕೂತರೆ ಎದುರಿಗೆ ಇಬ್ಬರು ಬೇಕಾಗಬಹುದು. ಈ ಲೆಕ್ಕವನ್ನು ತೆಪ್ಪದವನು ಕಣ್ಣಿನಲ್ಲೇ ಹಾಕುತ್ತಾನೆ. ಅವನು ತೋರಿಸಿದ ಜಾಗವನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬಾರದು. ಫೋಟೋಗಾಗಿ ಎದ್ದು ನಿಲ್ಲುವಂತಿಲ್ಲ. 1992ರ ‘ರೋಜಾ’ ಚಿತ್ರದ ಹಾಡೊಂದು ಇಲ್ಲಿ ಚಿತ್ರೀಕರಣವಾದಂದಿನಿಂದ ನೀರು ಕಂಡಲ್ಲಿ ಕೈ ಅಗಲಿಸಿ ನಿಲ್ಲಬೇಕೆನ್ನಿಸುವುದು ಬಹಳ ಜನರಿಗೆ ಅಂಟಿದೆ. ಆಸೆಯನ್ನು ದಡದ ಮೇಲೆ ತೀರಿಸಿಕೊಳ್ಳಬಹುದು.

ಲೈಫ್ ಜಾಕೆಟ್ ಕಡ್ಡಾಯ. ಅದು ಹಿಂದಿನವರ ಬೆವರನ್ನು ಇನ್ನೂ ಮರೆತಿರುವುದಿಲ್ಲ ಎಂಬುದು ನಿಜ, ಆದರೂ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಸಡಿಲ ಜಾಕೆಟ್ ನೀರಿಗೆ ಬಿದ್ದೊಡನೆ ತಾನೊಂದೇ ತೇಲುತ್ತದೆ. ಕಮರಿಯ ನಡುವೆ ನೀರು ನಿಂತಂತಿರುವಲ್ಲಿ ತೆಪ್ಪದವನು ತೆಪ್ಪವನ್ನು ಬುಗುರಿಯಾಡಿಸುತ್ತಾನೆ. ಆಗ ಕಿವಿಯೊಳಗಿನ ದ್ರವವೂ ತಿರುಗಲು ಶುರುವಾಗಿ, ತೆಪ್ಪ ನಿಂತ ಮೇಲೂ ತಾನು ನಿಲ್ಲುವುದಿಲ್ಲ. ಹುರಿದ ಮೀನನ್ನು ತೆಪ್ಪದ ಮುಂಚೆ ತಿನ್ನಬೇಕೋ ಆಮೇಲೋ ಎಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಇಲ್ಲಿದೆ. ಬೇಡ ಎಂದರೆ ಅವನು ತಿರುಗಿಸುವುದಿಲ್ಲ. ಆದರೆ ಮಕ್ಕಳೆದುರು ಬೇಡ ಎನ್ನುವ ಧೈರ್ಯ ತಂದೆಯಾದವನಿಗೆ ಬೇಕು. ತೆಪ್ಪದ ಅಂಚಿನಿಂದ ಕೈಯನ್ನು ನೀರಿಗೆ ಇಳಿಬಿಡುವುದೂ ಜಾಣತನವಲ್ಲ. ಕಾವೇರಿಯ ಈ ಭಾಗದಲ್ಲಿ ಮೊಸಳೆಗಳಿವೆ, ಹೊಗೇನಕಲ್‌ನಲ್ಲಿ ಅರಣ್ಯ ಇಲಾಖೆಯ ಮೊಸಳೆ ಪುನರ್ವಸತಿ ಕೇಂದ್ರವೂ ಇದೆ. ಪುನರ್ವಸತಿ ಪಡೆಯದವು ಎಲ್ಲಿವೆ ಎಂದು ಯೋಚಿಸಿದರೆ ಕೈ ತಾನಾಗಿ ಮೇಲೆ ಬರುತ್ತದೆ.

ಮಾರ್ಚ್‌ನಿಂದ ಮೇವರೆಗೆ ನೀರು ಇಳಿದು ಬಂಡೆಗಳೆಲ್ಲ ಹೊರಬಂದು, ನಡೆಯಲು ಹೆಚ್ಚು ಜಾಗ ಸಿಗುತ್ತದೆ. ಮರುಭೂಮಿಯ ಕಮರಿಗೆ ಹೊಗೇನಕಲ್ ಹತ್ತಿರವಾಗುವುದು ಆಗಲೇ. ಮಧ್ಯಾಹ್ನದ ಬಂಡೆ ದೋಸೆ ಹುಯ್ಯುವ ಹದಕ್ಕೆ ಬಂದಿರುತ್ತದೆ, ಸುತ್ತ ಇಷ್ಟು ನೀರಿದ್ದೂ ಮನುಷ್ಯ ಬಾಯಾರಿ ಬವಳಿ ಬೀಳುತ್ತಾನೆ. ಬೆಳಗ್ಗೆ ಬೇಗ ಇಳಿದು, ಟೋಪಿ ಹಾಕಿ, ಕುಡಿಯುವ ನೀರು ಒಯ್ದು, ಹನ್ನೊಂದರೊಳಗೆ ನೆರಳು ಸೇರಬೇಕು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಈ ಹೊತ್ತಿಗೆ ಔಷಧವೆಂದೇ ಮಾರುವವರ ಅಭಿಪ್ರಾಯ. ಅದನ್ನು ಕೈಯಲ್ಲಿ ಹಿಡಿದು ಓಡಾಡಿದರೆ ಕೋತಿಗಳ ಅಭಿಪ್ರಾಯವೂ ತಿಳಿಯುತ್ತದೆ.

ವರ್ಷದಲ್ಲಿ ಅತಿ ಹೆಚ್ಚು ಜನ ಸೇರುವುದು ಆಡಿ ಹದಿನೆಂಟಕ್ಕೆ, ಆಗಸ್ಟ್ ಮೊದಲ ವಾರದಲ್ಲಿ. ಹೊಳೆ ಏರಿದ್ದಕ್ಕೆ ತಮಿಳರು ಮಾಡುವ ಹಬ್ಬ ಅದು. ಹೊಳೆ ಏರಿದ ದಿನವೇ ಹೊಳೆಗೆ ಇಳಿಯಬೇಕು ಎಂಬುದು ಸಂಪ್ರದಾಯ. ಏರಿದ ಹೊಳೆಗೆ ಇಳಿಯಬಾರದು ಎಂಬುದು ಆಡಳಿತ. ನದಿ ಹಬ್ಬವನ್ನು ತುಸು ಹೆಚ್ಚೇ ಗಂಭೀರವಾಗಿ ತೆಗೆದುಕೊಂಡ ವರ್ಷಗಳಲ್ಲಿ ಜನ ದಡದಲ್ಲಿ ಬಕೆಟ್ ಹಿಡಿದು ಸ್ನಾನ ಮುಗಿಸಬೇಕಾಗುತ್ತದೆ.

ಎದುರು ದಡ ಕರ್ನಾಟಕದ್ದು, ಚಾಮರಾಜನಗರ ಜಿಲ್ಲೆ. ಮಲೆ ಮಹದೇಶ್ವರ ಬೆಟ್ಟದಿಂದ ಗೋಪಿನಾಥಂ ಮೂಲಕವೂ ಇಲ್ಲಿಗೆ ಬರಬಹುದು. ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. ಅವನ ಕಾಲದಲ್ಲಿ ಈ ದಾರಿಯ ಕ್ಷೇಮ ಸೂಚನೆ ತುಂಬ ಚಿಕ್ಕದಾಗಿತ್ತು: ಬರಬೇಡಿ. 2004ರ ಅಕ್ಟೋಬರ್ 18ರಂದು ಅವನು ಹತನಾದದ್ದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ. ಈಗ ಆ ದಾರಿಯಲ್ಲಿ ಆನೆಗಳಿಗೆ ಮಾತ್ರ ದಾರಿ ಬಿಟ್ಟರಾಯಿತು. ಸಂಜೆಯಾದ ಮೇಲೆ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಬಾರದು.

ಕಮರಿಯ ನೀರು ಮುಂದೆ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ, 1934ರಲ್ಲಿ ಮುಗಿದ ಸ್ಟ್ಯಾನ್ಲಿ ಜಲಾಶಯಕ್ಕೆ ಸೇರುತ್ತದೆ. ಅದರ ಪೂರ್ಣ ಮಟ್ಟ 120 ಅಡಿ, ಹಿಡಿಯುವುದು 93.47 ಟಿಎಂಸಿ. ನೀರು ತೀರ ಇಳಿದ ವರ್ಷ ಪಣ್ಣವಾಡಿಯ ಬಳಿ ಮುಳುಗಿದ್ದ ದೇವಸ್ಥಾನದ ನಂದಿ ಹೊರಗೆ ಕಾಣುತ್ತದೆ, ಜನ ಅದನ್ನು ನೋಡಲು ಹೋಗುತ್ತಾರೆ. ತುಂಬಿದ ವರ್ಷ ಹದಿನಾರು ಕಣ್ಣಿನ ಮದಗಿನಿಂದ ಹೆಚ್ಚುವರಿ ನೀರು ಬಿಡುವುದನ್ನು ನೋಡಲು ಹೋಗುತ್ತಾರೆ. ಕಬಿನಿಯಲ್ಲಿ ಹೊರಹರಿವು ಎನ್ನಿಸಿಕೊಂಡಿದ್ದ ನೀರು ಇಲ್ಲಿ ಒಳಹರಿವು ಎಂದು ಹೆಸರು ಬದಲಿಸಿಕೊಂಡು ಮರುದಿನದ ತಮಿಳು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕಳೆದುಹೋದ ಹವಾಯಿ ಚಪ್ಪಲಿಗಳ ಒಳಹರಿವನ್ನು ಮಾತ್ರ ಎರಡೂ ರಾಜ್ಯಗಳು ಈವರೆಗೆ ಅಳೆದಿಲ್ಲ.