ನಿಶ್ಚಲವಾಹನ ಮೀಮಾಂಸೆ: ಒಂದು ಬಹುಆಯಾಮದ ಅಧ್ಯಯನ

ಪ್ರಸ್ತಾವನೆ

ವಾಹನವೆಂದರೆ ಚಲಿಸುವಂಥದ್ದು ಎಂಬ ಜನಪ್ರಿಯ ಗ್ರಹಿಕೆಯನ್ನು ಪ್ರಸ್ತುತ ಪ್ರಬಂಧವು ಬುಡಮಟ್ಟದಲ್ಲಿ ಪ್ರಶ್ನಿಸುತ್ತದೆ. ದುಬೈ ಹಾಗೂ ಅಬುಧಾಬಿಯ ಕನ್ನಡ ಕುಟುಂಬಗಳ ಒಡೆತನದಲ್ಲಿದ್ದೂ ಓಡದಿರುವ ಕಾರುಗಳ ತಾತ್ವಿಕ ನೆಲೆಗಳನ್ನು, ಜಾಗತೀಕರಣೋತ್ತರ ಅನಿವಾಸಿ ಅನನ್ಯತೆಯ ಪರಿಪ್ರೇಕ್ಷ್ಯದಲ್ಲಿ, ಅಂತರ್‌ಶಿಸ್ತೀಯವಾಗಿ ಮುಖಾಮುಖಿಯಾಗಿಸುವುದು ಇಲ್ಲಿನ ಉದ್ದೇಶ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಇದಕ್ಕಿಂತ ಅರ್ಥವಾಗದ ವಾಕ್ಯಗಳಿಗೆ ಶಾಲು ಹೊದಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ, ಎದುರು ಸಾಲಿನಲ್ಲಿ ಕೂತು ಚಪ್ಪಾಳೆಯನ್ನೂ ತಟ್ಟಿದ್ದೇವೆ.

ಅಧ್ಯಯನದ ವ್ಯಾಪ್ತಿ: ದುಬೈಯ ಕರಾಮಾದ ಕಟ್ಟಡಗಳ ನೆಲಮಾಳಿಗೆ, ಅಲ್ ನಹ್ದಾದ ಮರಳು ಮೈದಾನ, ಅಬುಧಾಬಿಯ ಮುಸಫ್ಫಾದ ಶಾಬಿಯಾ. ಮಿತಿ: ಸೆಕೆ.

ವರ್ಗೀಕರಣ

ನಿಶ್ಚಲವಾಹನಗಳನ್ನು ಮುಖ್ಯವಾಗಿ ಹದಿನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ.

ಅ) ಋತುಮಾನಿಕ ನಿಶ್ಚಲ. ಜುಲೈ, ಆಗಸ್ಟಿನಲ್ಲಿ ಶಾಲೆಗಳಿಗೆ ರಜೆ. ಹೆಂಡತಿ ಮಕ್ಕಳೊಂದಿಗೆ ಯಜಮಾನನೂ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ಊರು ಸೇರುತ್ತಾನೆ. ಉಷ್ಣಾಂಶ 45 ಡಿಗ್ರಿ ದಾಟುವ ಆ ದಿನಗಳಲ್ಲಿ ಗಾಡಿ ಒಂದೇ ಜಾಗದಲ್ಲಿ ಬೇಯುತ್ತದೆ.

ಆ) ಮೆಟ್ರೋಜನ್ಯ ನಿಶ್ಚಲ. ದುಬೈಯಲ್ಲಿ ಸಾಲಿಕ್ ಟೋಲ್ ಬಂದದ್ದು 2007ರ ಜುಲೈಯಲ್ಲಿ, ಮೆಟ್ರೋ ಹೊರಟದ್ದು 2009ರ ಸೆಪ್ಟೆಂಬರ್ 9ರಂದು. ಮೊದಲನೆಯದು ಕಾರಿನವನ ಜೇಬಿಗೆ ಕೈಹಾಕಿತು, ಎರಡನೆಯದು ದಾರಿ ತೋರಿಸಿತು. 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿಗೆ ಟೋಲ್ 4 ದಿರ್ಹಂನಿಂದ 6ಕ್ಕೆ ಏರಿದ ಮೇಲೆ ಈ ವರ್ಗ ಇನ್ನಷ್ಟು ಪುಷ್ಟಿಗೊಂಡಿದೆ. ಯಜಮಾನ ಮೆಟ್ರೋದಲ್ಲಿ ನಿಂತುಕೊಂಡು ಹೋಗುತ್ತಾನೆ. ಕಾರಿನ ಕಂತು ಬ್ಯಾಂಕಿಗೆ ಹೋಗುತ್ತದೆ. ಕಾರು ಎಲ್ಲಿಗೂ ಹೋಗುವುದಿಲ್ಲ.

ಇ) ರಾಜಸ ನಿಶ್ಚಲ. ಅಬುಧಾಬಿಯ ದಕ್ಷಿಣದ ಮರುಭೂಮಿಯಲ್ಲಿ ಪಿರಮಿಡ್ ಆಕಾರದ ವಾಹನ ಸಂಗ್ರಹಾಲಯವೊಂದಿದೆ. ಶೇಖ್ ಹಮದ್ ಬಿನ್ ಹಮ್ದಾನ್ ಅಲ್ ನಹ್ಯಾನ್ ಅವರದು. ಮಳೆಬಿಲ್ಲಿನ ಬಣ್ಣಕ್ಕೊಂದರಂತೆ ಏಳು ಮರ್ಸಿಡಿಸ್‌ಗಳು ಆ ಸಂಗ್ರಹದಲ್ಲಿವೆ. ಹೊಟ್ಟೆಯೊಳಗೆ ಮಲಗುವ ಕೋಣೆಯಿರುವ ದೈತ್ಯ ಡಾಜ್ ಟ್ರಕ್ಕೂ ಇದೆ. ಅವು ನಿಂತರೆ ಟಿಕೆಟ್ಟು ಕೊಂಡು ನೋಡುತ್ತಾರೆ. ನಮ್ಮವು ನಿಂತರೆ ದಂಡದ ಚೀಟಿ ಅಂಟಿಸುತ್ತಾರೆ. ಇದನ್ನು ಅಧ್ಯಯನದ ಪ್ರಮುಖ ಶೋಧವೆಂದು ಪರಿಗಣಿಸಬಹುದು.

ಈ) ಪ್ರತಿಷ್ಠಾತ್ಮಕ ನಿಶ್ಚಲ. ಊರವರಿಗೆ ಕಳಿಸಿದ ಫೋಟೊದಲ್ಲಿ ಇದ್ದ ಕಾರು ಇದೇ.

ಉಳಿದ ಹತ್ತು ವರ್ಗಗಳು ಬರೆಯುವವನಿಗೇ ಬೇಸರ ತಂದದ್ದರಿಂದ ಕೈಬಿಡಲಾಗಿದೆ.

ನಿರ್ವಹಣಾ ಸಂಕಥನ

ಬ್ಯಾಟರಿಯ ನೆಲೆ: ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಗಾಡಿ ಮಲಗಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರು ಎಚ್ಚರವಿದ್ದು ಅದನ್ನು ಸದ್ದಿಲ್ಲದೆ ಹೀರುತ್ತಿರುತ್ತವೆ. ಚಳಿದೇಶದಲ್ಲಿ ನಾಲ್ಕೈದು ವರ್ಷ ಬಾಳುವ ಬ್ಯಾಟರಿ ಇಲ್ಲಿನ ಬಿಸಿಗೆ ಎರಡು ವರ್ಷದಲ್ಲಿ ಕೈಕೊಡುತ್ತದೆ. ಆದಕಾರಣ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಲಾಗುತ್ತದೆ. ಇದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಸ್ಟಾರ್ಟ್ ಮಾಡಲು ಖರ್ಚಾದದ್ದೂ ಮರಳುವುದು ಅನುಮಾನ. ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಬೇಕು, ಇಲ್ಲವೇ ಮೈನಸ್ ಟರ್ಮಿನಲ್ ಕಳಚಿಡಬೇಕು. ಆದರೂ ಸ್ಟಾರ್ಟ್ ಮಾಡಲಾಗುತ್ತದೆ.

ಟೈರಿನ ನೆಲೆ: ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ಕಳೆಯಿತೆಂದರೆ, ಗಾಡಿ ಐದು ಸಾವಿರ ಕಿಲೋಮೀಟರು ಓಡಿರದಿದ್ದರೂ, ತಪಾಸಣೆಯಲ್ಲಿ ಅದು ನಪಾಸು. ಒಂದೇ ಮಗ್ಗುಲಲ್ಲಿ ನಿಂತ ಟೈರು ಚಪ್ಪಟೆಯಾಗುವುದರಿಂದ ಆಗಾಗ ಗಾಳಿ ತುಂಬಿಸಿ ಗಾಡಿಯನ್ನು ಹಿಂದೆಮುಂದೆ ಸರಿಸಲಾಗುತ್ತದೆ.

ಕವರಿನ ನೆಲೆ: ಮೈದಾನದಲ್ಲಿ ನಿಂತ ಗಾಡಿಗೆ ಕವರ್ ಹೊದಿಸುವುದು ಪರಂಪರಾಗತ ಆಚರಣೆ. ಕವರಿನ ಅಡಿಗೆ ನುಸುಳಿದ ಮರಳು ಗಾಳಿ ಬೀಸಿದಾಗಲೆಲ್ಲ ಬಣ್ಣವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಕವರ್ ತೆಗೆದರೆ ಬಿಸಿಲಿಗೆ ವೈಪರಿನ ರಬ್ಬರು ಸೆಟೆದು ಗಾಜಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ವೈಪರುಗಳನ್ನು ಎತ್ತಿ ನಿಲ್ಲಿಸಲಾಗುತ್ತದೆ.

ಕಾನೂನಿನ ನೆಲೆ: ಓಡಲಿ ಬಿಡಲಿ, ಮುಲ್ಕಿಯಾ ಎಂಬ ನೋಂದಣಿ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 13 ತಿಂಗಳ ಇನ್ಶೂರೆನ್ಸ್ ಬೇಕು. ಗಾಡಿಗೆ ಮೂರು ವರ್ಷ ದಾಟಿದರೆ ವರ್ಷವರ್ಷವೂ ತಪಾಸಣೆ. ಸಾರ್ವಜನಿಕ ಜಾಗದಲ್ಲಿ ಗಾಡಿ ಧೂಳು ಹಿಡಿದು ನಿಂತರೆ ದುಬೈಯಲ್ಲಿ 500 ದಿರ್ಹಂ ದಂಡ, ಅಬುಧಾಬಿಯಲ್ಲೂ ದಂಡ ತಪ್ಪಿದ್ದಲ್ಲ. ಹೀಗಾಗಿ ಗಾಡಿಯನ್ನು ನಿಯತವಾಗಿ ತೊಳೆಯಲಾಗುತ್ತದೆ.

ಕರ್ತೃಪದದ ಸಮಸ್ಯೆ

ಸ್ಟಾರ್ಟ್ ಮಾಡಲಾಗುತ್ತದೆ, ಸರಿಸಲಾಗುತ್ತದೆ, ತೊಳೆಯಲಾಗುತ್ತದೆ. ನಮ್ಮ ಸಂಶೋಧನಾ ಪ್ರಬಂಧಗಳ ಅನುಕೂಲವೇ ಇದು: ಕೆಲಸವೆಲ್ಲ ಮುಗಿದಿರುತ್ತದೆ, ಮಾಡಿದವನು ಎಲ್ಲೂ ಇರುವುದಿಲ್ಲ. ಮಾಲೀಕ ಮೂಡಬಿದಿರೆಯ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂತಿದ್ದಾನೆ. ಹಾಗಾದರೆ ತೊಳೆದವರು ಯಾರು?

ಕಟ್ಟಡದ ವಾಚ್‌ಮನ್. ಇಲ್ಲವೇ ಬೆಳಗಿನ ಜಾವ ಬಕೆಟ್ಟು ಹಿಡಿದು ನೆಲಮಾಳಿಗೆಗೆ ಇಳಿಯುವ ಹುಡುಗ, ಆಂಧ್ರದವನೋ ಬಾಂಗ್ಲಾದವನೋ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಲ್ಲಿ ದುಡಿಸಬಾರದು ಎಂಬ ನಿಯಮ ಈ ದೇಶದಲ್ಲಿದೆ, ಒಳ್ಳೆಯ ನಿಯಮ. ಇವನ ಕೆಲಸ ಮುಗಿಯುವುದೇ ಬಿಸಿಲು ಏರುವ ಮುಂಚೆ. ಆದರೆ ಆಗಸ್ಟಿನ ನೆಲಮಾಳಿಗೆಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೂ ಗಾಳಿ ಆಡುವುದಿಲ್ಲ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಅರ್ಧ ಬಕೆಟ್ ನೀರಲ್ಲಿ ಸಾಲಾಗಿ ಗಾಡಿ ಒರೆಸುತ್ತಾನೆ. ಬಟ್ಟೆ ಹಿಂಡಿದರೆ ಕೆಂಪು ಕೆಸರು ಇಳಿಯುತ್ತದೆ. ಅಂಗೈ ಚರ್ಮ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರು ಮಳೆ ಸುರಿಯಿತು, ಅದೇ ದಿನದ ಮಳೆಗೆ ದುಬೈಯ ನೆಲಮಾಳಿಗೆಗಳಿಗೂ ನೀರು ನುಗ್ಗಿತಲ್ಲ, ಅಂಥ ಹೊತ್ತಿನಲ್ಲಿ ‘ಸಾರ್, ಗಾಡಿ ತೆಗೀರಿ’ ಎಂದು ಬಾಗಿಲು ಬಡಿಯುವವನೂ ಇಂಥವನೇ.

ಮಾಲೀಕ ಊರಿಂದ ಮರಳುತ್ತಾನೆ. ಹಲಸಿನ ಹಪ್ಪಳ, ಸಂಡಿಗೆ, ಅಮ್ಮ ಕೊಟ್ಟ ಉಪ್ಪಿನಕಾಯಿ ಇಳಿಸಿಕೊಳ್ಳುತ್ತಾನೆ. ಹುಡುಗ ಎರಡು ತಿಂಗಳ ದುಡ್ಡು ಕೇಳಲು ಬರುತ್ತಾನೆ. ಆಗ ಮಾಲೀಕ ಹೇಳುವ ಮಾತು ನೋಡಿ: ‘ಗಾಡಿ ಓಡಿಯೇ ಇಲ್ಲವಲ್ಲಪ್ಪ, ತೊಳೆದದ್ದು ಎಂತಕ್ಕೆ?’

ಓಡದ ಗಾಡಿಯ ಮೇಲೆ ಧೂಳು ಕೂರುವುದಿಲ್ಲವೇ? ದಂಡದ ಚೀಟಿ ಬೀಳದೆ ಉಳಿದದ್ದು ಯಾರಿಂದ? ಬ್ಯಾಂಕು ಓಡದ ತಿಂಗಳ ಕಂತು ಬಿಡುವುದಿಲ್ಲ, ಇನ್ಶೂರೆನ್ಸಿನವರು ಒಂದು ದಿರ್ಹಂ ಕಡಿಮೆ ಮಾಡುವುದಿಲ್ಲ, ಅವರ ಮುಂದೆ ಬಾಯಿ ಬಿಡುವ ಧೈರ್ಯವೂ ನಮಗಿಲ್ಲ. ಲೆಕ್ಕಾಚಾರದ ಬುದ್ಧಿಯೆಲ್ಲ ಬಕೆಟ್ಟಿನವನ ಹತ್ತಿರವೇ ಖರ್ಚಾಗಬೇಕು. ಸಂಘದ ವೇದಿಕೆ ಹತ್ತಿದರೆ ಕಾಯಕವೇ ಕೈಲಾಸವೆಂದು ಕಾಲು ಗಂಟೆ ಮಾತಾಡುವವರೂ ನಾವೇ. ಥೂ.

ಇಲ್ಲಿ ಪರಿಪ್ರೇಕ್ಷ್ಯ, ಅನನ್ಯತೆ ಮುಂತಾದ ಪರಿಕಲ್ಪನೆಗಳು ಕೆಲಸಕ್ಕೆ ಬಾರದ ಕಾರಣ ಕೈಬಿಟ್ಟಿದ್ದೇನೆ. ನಾನೇ.

ಉಪಸಂಹಾರ

ತಿಂಗಳಿಗೊಮ್ಮೆ ದಿನಸಿ ತರಲು ಮಾತ್ರ ತೆಗೆಯುವ ಗಾಡಿಯಾದರೆ ದಂಡ ಬಾಕಿ ಇದ್ದದ್ದು ಕಟ್ಟಿ ಮಾರಿಬಿಡಿ, ಟ್ಯಾಕ್ಸಿ ಅಗ್ಗ. ಮಾರಲು ಮನಸ್ಸಿಲ್ಲವಾದರೆ ಊರಿಗೆ ಹೊರಡುವ ಮುಂಚೆ ಮೈನಸ್ ಟರ್ಮಿನಲ್ ಕಳಚಿ, ಟೈರಿಗೆ ಗಾಳಿ ತುಂಬಿಸಿ, ಕೀಲಿ ಒಬ್ಬ ಲೈಸೆನ್ಸಿರುವ ಗೆಳೆಯನಿಗೆ ಕೊಡಿ. ತೊಳೆಯುವವನ ಎರಡು ತಿಂಗಳ ಹಣವನ್ನು ಮುಂಗಡವಾಗಿ, ಕೈಗೇ ಕೊಟ್ಟು ವಿಮಾನ ಹತ್ತಿ.